ರಕ್ತ ಬಿದ್ದರೆ ಲೆಕ್ಕ

ಕಲುಬಾ ಮರಗೆಣಸಿನ ಮುದ್ದೆಯನ್ನು ಬೆರಳಲ್ಲಿ ಉಂಡೆ ಮಾಡಿ, ಮೀನಿನ ಸಾರಿಗೆ ಅದ್ದಿ, ಬಾಯಿಯವರೆಗೆ ತಂದು ಮತ್ತೆ ತಟ್ಟೆಗೇ ಇಟ್ಟಳು. ಅಡುಗೆ ಚಪ್ಪರದ ಆಚೆ, ನೀರಿನಂಚಿನಲ್ಲಿ, ಕಪೇಸೊ ದೋಣಿ ತೊಳೆಯುತ್ತಿದ್ದ. ಅವನು ದೋಣಿ ತೊಳೆಯುವುದು ಹೊಸದಲ್ಲ. ಹಾಡದೆ, ಬೈಯದೆ, ಅವಳ ಕಡೆಗೊಂದು ಹಿಡಿ ಕೆಸರನ್ನೂ ಎಸೆಯದೆ ತೊಳೆಯುತ್ತಿದ್ದುದು ಹೊಸದು. ಅವನು ಮೀನಿನ ಬೆಡಗಿನವನು, ಅವಳು ನ್ಶೋಬೆ ಎಂಬ ಜವುಗಿನ ಹುಲ್ಲೆಯ ಬೆಡಗಿನವಳು, ಅಂದಮೇಲೆ ಹುಟ್ಟಿದಾಗಿನಿಂದಲೇ ಇಬ್ಬರೂ ನುಂಗ್ವೆಗಳು, ಗೇಲಿಯ ನಂಟರು. ನುಂಗ್ವೆ ನುಂಗ್ವೆಯನ್ನು ಏನು ಬೇಕಾದರೂ ಅನ್ನಬಹುದು, ಅನ್ನಿಸಿಕೊಂಡವರು ಸಿಟ್ಟಾಗುವ ಹಾಗಿಲ್ಲ. ಕೊನೆಗೆ ಹೆಣ ತೊಳೆದು ಗುಂಡಿ ತೋಡುವವರೂ ಅವರೇ, ಗುಂಡಿಯ ಪಕ್ಕದಲ್ಲಿ ನಿಂತು ಅಳುವವರನ್ನು ನಗಿಸುವವರೂ ಅವರೇ. ಕಲುಬಾಳ ತಾಯಿ ಸತ್ತಾಗ ಕಪೇಸೊ ಮಗಳ ಸೋರುವ ಮೂಗನ್ನು ಎಲ್ಲರೆದುರು ಅಣಕಿಸಿ ತೋರಿಸಿದ್ದ. ಅವಳು ಅಳುತ್ತಲೇ ನಕ್ಕಿದ್ದಳು, ನಗುತ್ತಲೇ ಅವನ ಕೈಗೆ, ನಗಿಸಿದ ನುಂಗ್ವೆಗೆ ಸಲ್ಲುವ ಕೂಲಿಯಾಗಿ, ಒಂದು ಹಿಡಿ ಕಡಲೆಕಾಯಿ ಕೊಟ್ಟಿದ್ದಳು. ಅಂಥ ಬಾಯಿ ಬೆಳಗಿನಿಂದ ಮುಚ್ಚಿಕೊಂಡಿತ್ತು. ಏನೋ ಕೆಟ್ಟಿದೆ ಎಂದು ಅವಳಿಗೆ ತಿಳಿಯಿತು.

ಕೆಟ್ಟದ್ದು ಬೆಳಿಗ್ಗೆಯೇ ಇರಬೇಕು. ಆದರೆ ಬೆಳಿಗ್ಗೆಯಲ್ಲಿ ಕೆಡುವಂಥದ್ದೇನಿತ್ತು? ಜೊಂಡಿನ ಮೇಲೆ ಮಂಜು, ಅಟ್ಟಣೆಯ ಮೇಲೆ ಹೋಲ್ಗರ್ ಎಂಬ ಮುದುಕ, ಅವನ ಪಕ್ಕದಲ್ಲಿ ಬೇಟೆಯ ಮುಂದಾಳು ಸಿಚಿಂಗಾ. ಮುದುಕ ಚಳಿ ದೇಶದವನು, ಸೊಂಟದಲ್ಲಿ ಕಬ್ಬಿಣದ ಕೀಲು ಹಾಕಿಸಿಕೊಂಡಿದ್ದ, ಏಣಿಯ ಪ್ರತಿ ಮೆಟ್ಟಿಲಿಗೂ ತನ್ನ ಭಾಷೆಯಲ್ಲಿ ಯಾರನ್ನೋ ಬೈಯುತ್ತಿದ್ದ. ನ್ಶೋಬೆಗಾಗಿ ವರ್ಷಗಟ್ಟಲೆ ಕಾದಿದ್ದನಂತೆ. ದುಡ್ಡು ಕೊಟ್ಟರೆ ಕಾಡೆಮ್ಮೆ ಸಿಗುತ್ತದೆ, ಸಿಂಹವೂ ಸಿಗುತ್ತದೆ. ನೀರಲ್ಲೇ ಬದುಕುವ, ನೀಳ ಗೊರಸಿನ, ನಾಚಿಕೆಯ ಈ ಹುಲ್ಲೆಗೆ ದುಡ್ಡೂ ಬೇಕು, ಸರದಿಯೂ ಬೇಕು. ನಮ್ಮ ಕಡೆಯ ಜವುಗಿಗೆ ಈ ವರ್ಷ ಬಂದದ್ದು ಒಂದೇ ಪರವಾನಗಿ. ಅದರ ಬೆಲೆಗೆ ಒಂದು ಹಿಟ್ಟಿನ ಗಿರಣಿ ಬರುತ್ತದೆ, ಅದನ್ನು ತಿರುಗಿಸುವ ಎಂಜಿನ್ನೂ ಬರುತ್ತದೆ. ಊರಿನ ಪಾಲು ಅರ್ಧ, ಅಂದರೆ ಎಂಜಿನ್ ಇಲ್ಲದ ಗಿರಣಿ ಎಂದು ಊರ ಸಮಿತಿಯ ಹಿರಿಯನಾದ ಅವಳ ಸೋದರಮಾವ ನಗಾಡುತ್ತಿದ್ದ. ನಮ್ಮದೇ ಬೆಡಗಿನ ಪ್ರಾಣಿಯನ್ನು ಮಾರಿ ನಮ್ಮ ಹಿಟ್ಟು ಬೀಸುವುದೇ ಎಂದು ಅವಳು ಒಮ್ಮೆ ಕೇಳಿದ್ದಳು. "ಮಾರೋದು ಸರ್ಕಾರ ಕಣೇ. ನಾವು ತಿನ್ನೋದು ಹಿಟ್ಟು, ಮಾಂಸ ಅಲ್ಲ," ಎಂದಿದ್ದ ಮಾವ. ಆ ಮಾತು ಸರಿಯಾಗಿಯೇ ಇತ್ತು. ಸರಿಯಾದ ಮಾತುಗಳು ಕೆಲವೊಮ್ಮೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಿನ ಹಾಗೆ ಉಳಿದುಬಿಡುತ್ತವೆ. ಅದೇ ಮಾವ ಅವಳಿಗೆ ಕಾವಲಿನ ಕೆಲಸ ಕೊಡಿಸಿದ್ದ, ಗಂಡಸಿನ ಅಳತೆಯ ಖಾಕಿಯನ್ನೂ, ಒಂದು ಹಳೆಯ ಬಂದೂಕನ್ನೂ. ಬೇಟೆಯಲ್ಲಿ ಗುಂಡು ಹಾರಿದ ಮೇಲೆ ಕಾವಲಿನವರು ಹೋಗಿ ನೋಡಬೇಕು. ರಕ್ತ ಬಿದ್ದಿದ್ದರೆ ಪ್ರಾಣಿ ಲೆಕ್ಕಕ್ಕೆ ಬಂತು: ಸತ್ತಿರಲಿ, ಓಡಿರಲಿ, ಪೂರ್ತಿ ಬೆಲೆ ಕಟ್ಟಬೇಕು, ಪರವಾನಗಿ ಅಲ್ಲಿಗೆ ಮುಗಿಯಿತು. ರಕ್ತವಿಲ್ಲದಿದ್ದರೆ ಗುಂಡು ತಪ್ಪಿತು, ಮತ್ತೆ ಹೊಡೆಯಬಹುದು. ಇದೆ ಅಥವಾ ಇಲ್ಲ, ಅವಳ ಬಾಯಿಂದ ಬರಬೇಕಾದ ಮಾತು ಅಷ್ಟೇ.

ಅವಳು ಇಲ್ಲ ಎಂದಿದ್ದಳು. ಗುಂಡಿನ ಸದ್ದಿಗೆ ಕೊಕ್ಕರೆಗಳು ಎದ್ದು, ಗಂಡು ನ್ಶೋಬೆ ಒಂದೇ ನೆಗೆತಕ್ಕೆ ಜೊಂಡಿನೊಳಗೆ ಮಾಯವಾಗಿತ್ತು. ಕಪೇಸೊ ಅವಳನ್ನು ಕೂರಿಸಿಕೊಂಡು ದೋಣಿ ತಳ್ಳುತ್ತಾ ಹೋಗಿ, ಮೂತಿಯಲ್ಲಿ ನಿಂತು ಜೊಂಡನ್ನು ಸರಿಸಿ, ನ್ಶೋಬೆಯನ್ನು ಅವಳ ಬೆಡಗಿನವರು ಮಾವ ಎನ್ನುವುದನ್ನೇ ಹಿಡಿದು ಊರಿಗೇ ಕೇಳುವಂತೆ ಕೂಗಿದ್ದ: "ಅಯ್ಯೋ ನುಂಗ್ವೆ, ನಿಮ್ಮ ಮಾವನ ರಕ್ತ ಸುರೀತಲ್ಲೇ! ಅಳೇ ಗೊರಸಿನವಳೇ, ಎದೆ ಬಡ್ಕೊಂಡು ಅಳೇ!" ಅವಳು ನಕ್ಕಳು. ನಗದೆ ಇನ್ನೇನು? ಗುಂಡು ತಾಗಲಿ ಬಿಡಲಿ, ಜೀಪಿನ ಟೈರು ಒಡೆದರೂ ಅವನು ಹಾಗೆಯೇ ಕೂಗುವವನು. ಅಟ್ಟಣೆಯ ಮೇಲಿನವರು ನೋಡುತ್ತಿದ್ದಾರೆ ಎಂದು ಇನ್ನೂ ಸ್ವಲ್ಪ ಜೋರಾಗಿಯೇ ನಕ್ಕು, ಜೇಬಿನಿಂದ ಕಡಲೆಕಾಯಿ ತೆಗೆದು ಅವನ ಬೆನ್ನಿಗೆ ಎಸೆದಳು. "ಕಲುಬಾ, ರಕ್ತ ಇದೆಯಾ?" ಎಂದು ಸಿಚಿಂಗಾ ಕೂಗಿದ. ಅವಳು ಕೂತಲ್ಲಿಂದಲೇ ಕಣ್ಣಾಡಿಸಿದಳು. ಇಳಿಯಬೇಕಿತ್ತು. ಆದರೆ ಹಿಂದಿನ ದಿನ ತೇಲುವ ಜೊಂಡಿನ ಹಾಸಿನ ಮೇಲೆ ಕಾಲಿಟ್ಟು ಎದೆಮಟ್ಟ ಕುಸಿದಿದ್ದಳು, ಬೆಕ್ಕಿನ ಮರಿಯನ್ನು ಎತ್ತುವಂತೆ ಅವಳ ಕಾಲರು ಹಿಡಿದು ಎತ್ತಿದ್ದರು, ಟೋಪಿ ತೇಲಿಹೋಗಿತ್ತು, ಹೋಲ್ಗರ್ ಫೋಟೋ ತೆಗೆದಿದ್ದ. ಕೆಟ್ಟ ಮನಸ್ಸಿನಿಂದಲ್ಲ, ಒಳ್ಳೆಯ ಮನಸ್ಸಿನಿಂದ ತೆಗೆದ ಫೋಟೋ ಇನ್ನೂ ಕೆಟ್ಟದ್ದು. ಒದ್ದೆ ಖಾಕಿ ಮೈಗಂಟಿದ್ದ ಹೆಂಗಸನ್ನು ಅಡುಗೆಯವನಿಂದ ಹಿಡಿದು ಎಲ್ಲರೂ ನೋಡಿದ್ದರು. ಆ ನೋಟ ಮತ್ತೆ ಬೇಡವಾಗಿತ್ತು. ಮತ್ತು, ಇದನ್ನೂ ಹೇಳಿಕೊಳ್ಳಬೇಕಲ್ಲ, ರಕ್ತ ಇರುವುದೇ ಅವಳಿಗೆ ಬೇಕಿರಲಿಲ್ಲ; ಓಡಿಹೋಯಿತಲ್ಲ ಎಂದು ಒಳಗೊಳಗೇ ಕುಣಿಯುತ್ತಿದ್ದಳು. "ಇಲ್ಲ!" ಎಂದಳು. ಹೋಲ್ಗರ್ ಅಟ್ಟಣೆಯ ಮೇಲೆ ಮುಖ ಮುಚ್ಚಿಕೊಂಡ.

ತಟ್ಟೆಯನ್ನು ಅಲ್ಲೇ ಬಿಟ್ಟು ಅವಳು ನೀರಿನಂಚಿಗೆ ಇಳಿದಳು. "ಏನೋ ನುಂಗ್ವೆ, ನಿಮ್ಮಣ್ಣ ಮೀನು ನಾಲಿಗೆ ಕಚ್ಕೊಂಡು ಹೋದ್ನಾ?"

ಅವನು ತಲೆ ಎತ್ತಲಿಲ್ಲ. "ಕಲುಬಾ," ಎಂದ.

ಅವನ ಬಾಯಲ್ಲಿ ತನ್ನ ಹೆಸರನ್ನು ಅವಳು ಕೇಳಿದ್ದೇ ಇಲ್ಲ. ಗೊರಸಿನವಳು, ಜವುಗಿನ ಮೇಕೆ, ಕೊಂಬಿಲ್ಲದ್ದು, ಇವೇ ಅವಳ ಹೆಸರುಗಳು.

"ಬೆಳಿಗ್ಗೆ ನಾನು ತಮಾಷೆ ಮಾಡ್ಲಿಲ್ಲ," ಎಂದ ಕಪೇಸೊ. "ರಕ್ತ ಇತ್ತು. ಜೊಂಡಿನ ಒಳಮೈಗೆ ಹತ್ಕೊಂಡಿತ್ತು, ನಿಂತವರಿಗೆ ಕಾಣೋ ಹಾಗೆ. ನೀನು ಕೂತಿದ್ದೆ. ನಾನು ಹೇಳ್ದೆ, ನೀನು ಕಡ್ಲೆಕಾಯಿ ಎಸೆದೆ."

"ನೀನು ಯಾವಾಗ್ಲೂ ಹಂಗೇ ಕೂಗ್ತೀಯಲ್ಲೋ!"

"ಬೇರೆ ಹೆಂಗೆ ಕೂಗ್ಲಿ? ನಿನ್ ಹತ್ರ ಮಾತಾಡೋಕೆ ನಂಗೆ ಬೇರೆ ಬಾಯಿ ಎಲ್ಲಿದೆ?"

"ಆಮೇಲಾದ್ರೂ ಹೇಳ್ಬೇಕಿತ್ತು."

"ಆಮೇಲೆ ನೀನು ಇಲ್ಲ ಅಂದ್ಬಿಟ್ಟೆ. ಕಾವಲಿನವಳ ಮಾತಿನ ಮೇಲೆ ದೋಣಿಯವನು ಮಾತೆತ್ತಿದ್ರೆ ನಾಳೆ ಈ ದೋಣೀಲಿ ಬೇರೆಯವನು ನಿಂತಿರ್ತಾನೆ." ಅವನು ತೊಳೆದ ಜಾಗವನ್ನೇ ಮತ್ತೆ ತೊಳೆದ. "ಹೆದರ್ಕೊಂಡೆ. ಸಂಜೆ ದಿಬ್ಬದ ಹಿರಿಯನ್ನ ಹೊಡೀತಾರಂತೆ, ಸಿಚಿಂಗಾ ಅಂತಿದ್ದ. ಅದಕ್ಕೆ ಹೇಳ್ತಾ ಇದೀನಿ."

ಹುತ್ತದ ದಿಬ್ಬದ ಹಿಂದೆ ಇರುವ ಆ ಮುದಿ ಗಂಡು ನಮ್ಮ ಕಡೆ ಉಳಿದಿದ್ದ ಕೊನೆಯ ದೊಡ್ಡದು. ಉಳಿದವೆಲ್ಲ ಹೆಣ್ಣು, ಮರಿ, ಕೊಂಬು ಈಗಷ್ಟೇ ತಿರುಚಿಕೊಳ್ಳುತ್ತಿರುವ ಹೋರಿಗಳು. ಎಲ್ಲೋ ಒಂದು ಜೊಂಡಿನ ಬುಡದಲ್ಲಿ ಬೆಳಗಿನದು ನರಳುತ್ತಿರುವಾಗ ಸಂಜೆ ಇನ್ನೊಂದು ಬೀಳುತ್ತದೆ. ಒಂದರ ಬೆಲೆಗೆ ಎರಡು. ಊರಲ್ಲಿ ಗಿರಣಿ ತಿರುಗುತ್ತದೆ, ಜವುಗಿನಲ್ಲಿ ಏನೂ ಉಳಿಯುವುದಿಲ್ಲ. ಇಲ್ಲದ ಪ್ರಾಣಿಗೆ ಮುಂದಿನ ವರ್ಷ ಬೆಲೆ ಇನ್ನೂ ಏರುತ್ತದೆ. ಇದೆಲ್ಲ ತನ್ನ ಒಂದು ನಗೆಯಿಂದ ಆದದ್ದು. ಕಲುಬಾಗೆ ತನ್ನ ಮೇಲೆ ಎಂಥ ಅಸಹ್ಯ ಬಂತೆಂದರೆ, ಖಾಕಿಯ ಗುಂಡಿಗಳನ್ನು ಅಲ್ಲೇ ಕಿತ್ತು ನೀರಿಗೆ ಎಸೆಯಬೇಕು ಅನ್ನಿಸಿತು. ಎಸೆದರೆ ಆಯಿತೇ? ಎಸೆದವಳು ಮನೆಗೆ ಹೋಗಿ ಮಲಗುತ್ತಾಳೆ, ಸಂಜೆ ಅಟ್ಟಣೆಯ ಏಣಿ ಅಲ್ಲೇ ಇರುತ್ತದೆ. ಹೆಂಗಸಿಗೆ ಬಂದೂಕು ಕೊಟ್ಟರೆ ಹೀಗೇ, ಬೆಳಿಗ್ಗೆ ಒಂದು ಸಂಜೆ ಒಂದು ಎಂದು ಸಮಿತಿಯವರು ಆಡುವ ಮಾತು ಈಗಲೇ ಕಿವಿಯಲ್ಲಿ ಕೇಳಿಸುತ್ತಿತ್ತು. ಆಡಲಿ. ಬಾಯಿ ಅವರದು, ಆದರೆ ಆ "ಇಲ್ಲ" ಮಾತ್ರ ತನ್ನ ಬಾಯಿಯದು. ಅವಳು ಒಂದೊಂದೇ ಗುಂಡಿ ಸರಿಮಾಡಿಕೊಂಡು, ಸಿಚಿಂಗಾ ಕೂತಿದ್ದ ಮರದ ಕಡೆ ನಡೆದಳು.

ಸಿಚಿಂಗಾ ಬಂದೂಕಿನ ನಳಿಗೆಗೆ ಬಟ್ಟೆ ತೂರಿಸುತ್ತಿದ್ದ. ಮೇಲ್ನಾಡಿನವನು, ನಯದವನು, ಹೆಂಗಸರ ಎದುರು ಕಾಲು ಚಾಚಿ ಕೂರದವನು. ಅವಳನ್ನು ಕಂಡು ಕಾಲು ಮಡಿಸಿದ.

"ಮುಕ್ವಾಯಿ, ಸಂಜೆ ಅಟ್ಟಣೆ ಹತ್ತೋ ಹಾಗಿಲ್ಲ," ಎಂದಳು, ದೊಡ್ಡವರನ್ನು ಕರೆಯುವ ಮಾತಿನಿಂದಲೇ ಶುರುಮಾಡಿ. "ಬೆಳಿಗ್ಗೆ ರಕ್ತ ಬಿದ್ದಿದೆ."

"ಇಲ್ಲ ಅಂದ್ಯಲ್ಲಮ್ಮ?"

"ತಪ್ಪು ಹೇಳ್ದೆ. ನಾನು ದೋಣಿಯಿಂದ ಇಳೀಲಿಲ್ಲ."

"ಮತ್ತೆ ನೋಡಿದ್ದು ಯಾರು?"

"ಕಪೇಸೊ."

ಚಪ್ಪರದಲ್ಲಿ ಅಡುಗೆಯವನು ಸೌಟು ಹಿಡಿದೇ ನಕ್ಕ. "ಅವಳ ನುಂಗ್ವೆ ಮುಕ್ವಾಯಿ! ಅವಳ ಮಾವ ಸತ್ತ ಅಂತ ದಿನಾ ಹೇಳೋನು!"

ಸಿಚಿಂಗಾ ನಗಲಿಲ್ಲ, ಆದರೆ ನಗದಿರಲು ಮೀಸೆ ಒರೆಸಿಕೊಳ್ಳಬೇಕಾಯಿತು. "ನುಂಗ್ವೆ ಮಾತು ತಂದು ನನ್ ಮುಂದೆ ಇಡ್ತೀಯಾ? ನಿಮ್ಮ ಮುಖಂಡನ ಕಟ್ಟೆ ಮೇಲೂ ನುಂಗ್ವೆ ಸಾಕ್ಷಿ ನಡೆಯಲ್ಲ. ಆ ಮುದುಕನಿಗೆ ಏನಂತ ಹೇಳ್ಲಿ? ಅಷ್ಟು ವರ್ಷ ಕಾದು, ಅಷ್ಟು ದುಡ್ಡು ಸುರಿದು ಬಂದೋನು. ನಿನ್ ಬೇಟೆ ಮುಗೀತು ಮಾರಾಯ, ಇಲ್ಲಿ ಒಬ್ಬ ತಮಾಷೆ ಮಾಡ್ದ, ಅಂತಲಾ?"

"ಹುಡುಕ್ಕೊಂಡು ಬರ್ತೀನಿ."

"ನೀರೊಳಗೆ ಮುಳುಗಿ ಮೂಗು ಮಾತ್ರ ಬಿಟ್ಕೊಂಡು ಕೂರೋ ಪ್ರಾಣಿ ಅದು. ನಿನ್ನೆ ನಿನ್ನೇ ಹುಡುಕಿ ತೆಗೀಬೇಕಾಯ್ತು!"

ಅಡುಗೆಯವನು ಮತ್ತೆ ನಕ್ಕ. ಅವಳು ಕದಲಲಿಲ್ಲ. "ಸಿಗೋವರೆಗೆ ಹುಡುಕ್ತೀನಿ," ಎಂದಳು.

"ಬಿಸಿಲು ಇಳಿಯೋವರೆಗೆ ನೋಡು," ಎಂದ ಸಿಚಿಂಗಾ. "ತಂದ್ರೆ ನಿನ್ನ ಮಾತು. ಇಲ್ದಿದ್ರೆ ನಾನು ಅವನ್ನ ಏಣಿ ಹತ್ತಿಸ್ತೀನಿ. ನಿನ್ನ ಬೆಳಗಿನ ಮಾತೇ ನಂಗೆ ಸಾಕ್ಷಿ."

ಈ ಸಲ ಅವಳು ಇಳಿದಳು. ಬೆಳಿಗ್ಗೆ ನ್ಶೋಬೆ ನಿಂತಿದ್ದ ಕಡೆ ದೋಣಿ ನಿಲ್ಲಿಸಿ, ಕಪೇಸೊ ಕೈ ಚಾಚುವ ಮೊದಲೇ ನೀರಿಗೆ ಕಾಲಿಟ್ಟಳು. ಕೆಳಗಿನ ಕೆಸರು ಪಾದವನ್ನು ಹಿಡಿದುಕೊಂಡಿತು, ನೀರು ಕಂಕುಳಿಗೆ ಬಂತು. ಬಂದೂಕನ್ನು ತಲೆಯ ಮೇಲೆ ಅಡ್ಡ ಹಿಡಿದಳು. ಜೊಂಡಿನ ದಂಟನ್ನು ಬಗ್ಗಿಸಿ ಒಳಮೈ ನೋಡಿದಾಗ ಅಲ್ಲಿತ್ತು, ಒಣಗಿ ಕಂದಾದ ಒಂದು ಗೀರು, ಅದಕ್ಕೆ ಅಂಟಿದ ಒಂದೆರಡು ಕೂದಲು. ಎಷ್ಟು ಚಿಕ್ಕದು. ಬೆರಳ ತುದಿಯಿಂದ ಒರೆಸಿಬಿಡಬಹುದು. ಒರೆಸಿದರೆ ತಾನು ಹೇಳಿದ್ದೇ ನಿಜವಾಗುತ್ತದೆ, ಕಪೇಸೊ ಕೂಗಿದ್ದು ತಮಾಷೆಯಾಗಿಯೇ ಉಳಿಯುತ್ತದೆ. ಆ ಯೋಚನೆ ಬಂದದ್ದಕ್ಕೆ ಅವಳು ನಾಚಿದಳು. ದಂಟನ್ನು ಮುರಿದು ದೋಣಿಯಲ್ಲಿಟ್ಟಳು. ಸಿಚಿಂಗಾ ಇದನ್ನು ಮೀನಿನ ರಕ್ತ ಅನ್ನಬಹುದು, ಮೀನಿನ ಬೆಡಗಿನವನ ದೋಣಿಯಲ್ಲಿ ಬೇರೇನಿರುತ್ತದೆ ಎಂದು ಅಡುಗೆಯವನು ನಗಬಹುದು. ಪ್ರಾಣಿಯೇ ಬೇಕು.

ಮುಂದೆ ದೋಣಿ ಹೋಗುವಷ್ಟು ಸಂದಿ ಇರಲಿಲ್ಲ. ಇಬ್ಬರೂ ಒಬ್ಬರ ಹಿಂದೊಬ್ಬರು ಜೊಂಡನ್ನು ಎದೆಯಿಂದ ತಳ್ಳುತ್ತಾ ಹೋದರು. ಬಗ್ಗಿದ ದಂಟು, ತಿರುಚಿದ ಎಲೆ, ಹಾಸಿನ ಮೇಲೆ ನೀಳ ಗೊರಸು ಊರಿದ ಗುರುತಿನಲ್ಲಿ ನಿಂತ ನೀರು, ಅಲ್ಲಿಂದ ಏನೂ ಇಲ್ಲ, ಮತ್ತೆ ಒಂದು ದಂಟು. ಚಿಕ್ಕವಳಿದ್ದಾಗ ಅಜ್ಜಿ ಹೇಳುತ್ತಿದ್ದಳು, ನಮ್ಮ ಹಿರಿಯಳೊಬ್ಬಳು ಶತ್ರುಗಳಿಂದ ಓಡಿ ಬಂದು ಈ ಜವುಗಿನಲ್ಲಿ ಬಿದ್ದಾಗ ನ್ಶೋಬೆಯೊಂದು ಅವಳಿಗೆ ಮೂಗು ಮಾತ್ರ ಮೇಲಿಟ್ಟು ಅಡಗುವುದನ್ನು ಕಲಿಸಿತಂತೆ. ಅದಕ್ಕೇ ಅದು ನಮಗೆ ತಾಯಿಯ ಅಣ್ಣ, ಅದಕ್ಕೇ ಅದರ ಮಾಂಸದ ಹೊಗೆ ಕೂಡ ನಮಗಾಗದು. ಆಗ ಕಲುಬಾ ಹಳ್ಳದಲ್ಲಿ ಮುಳುಗಿ ಮೂಗು ಮೇಲಿಟ್ಟು ಅಡಗಿ, ಕೆಮ್ಮಿ, ಸಿಕ್ಕಿಬಿದ್ದು ಹೊಡೆತ ತಿಂದಿದ್ದಳು. ಕಂಕುಳಲ್ಲಿ ಜಿಗಣೆ ಕಚ್ಚಿತು. ಬಿಸಿಲು ಜೊಂಡಿನ ತಲೆಗಳ ಮೇಲೆ ವಾರೆಯಾಗಿ ಬೀಳತೊಡಗಿತ್ತು. ಈಗ ಮುದುಕನನ್ನು ಎಬ್ಬಿಸಿ ಚಹಾ ಕೊಡುತ್ತಿರಬೇಕು. "ಹಿಂದಕ್ಕೆ ಹೋಗೋಣ್ವಾ?" ಎಂದ ಕಪೇಸೊ. "ನೀನು ಹೋಗು," ಎಂದಳು. ಅವನು ಹೋಗಲಿಲ್ಲ.

ಒಂದು ಸಣ್ಣ ಮಡುವಿನಲ್ಲಿ ತಾವರೆ ಎಲೆಗಳ ನಡುವೆ ನೀರು ಒಮ್ಮೆ ಉಬ್ಬಿ ಇಳಿಯಿತು. ಕಪ್ಪೆಯೆಂದುಕೊಂಡಳು. ಮತ್ತೆ ಉಬ್ಬಿತು. ಎಲೆಯ ಅಂಚಿನಲ್ಲಿ ಎರಡು ಒದ್ದೆ ಹೊಳ್ಳೆಗಳು, ಅವುಗಳ ಮೇಲೆ ಕೊಂಬಿನ ಕಂದು ತುದಿ. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅದಕ್ಕೆ ಅವಳ ಉಸಿರು ಕೇಳುತ್ತಿತ್ತು, ಆದರೂ ಓಡಲಿಲ್ಲ. ಓಡುವ ಕಾಲು ಅದಕ್ಕಿರಲಿಲ್ಲ. ಗುಂಡು ಹಿಂದೊಡೆಯನ್ನು ಪುಡಿ ಮಾಡಿತ್ತು. ಬೆಳಗಿನಿಂದ ಈವರೆಗೆ, ತಾನು ನಕ್ಕಾಗ, ತಾನು ಮುದ್ದೆಯನ್ನು ಉಂಡೆ ಮಾಡುತ್ತಿದ್ದಾಗ, ಇದು ಇಲ್ಲಿ ಹೀಗೆ ಮೂಗು ಮೇಲಿಟ್ಟು ಉಸಿರಾಡುತ್ತಿತ್ತು.

"ಕೊಡು ಇಲ್ಲಿ," ಎಂದು ಕಪೇಸೊ ಪಿಸುಗುಟ್ಟಿ ಬಂದೂಕಿಗೆ ಕೈ ಚಾಚಿದ. "ನಿಮ್ಮವರ ಸಾವಿನ ಕೆಲಸ ನಮ್ದು ತಾನೆ? ನಾನು ಮಾಡ್ತೀನಿ. ನೀನು ಆ ಕಡೆ ತಿರ್ಗು."

ತಿರುಗುವುದು ಎಷ್ಟು ಸುಲಭವಾಗಿತ್ತು. ಪದ್ಧತಿಯೇ ಹಾಗಿತ್ತು, ಮಾವನೂ, ಅಜ್ಜಿಯೂ ಅದನ್ನೇ ಹೇಳುತ್ತಿದ್ದರು. ಆದರೆ ಬೆಳಿಗ್ಗೆಯೂ ಅವಳು ಬೇರೆ ಕಡೆಯೇ ನೋಡಿದ್ದಳು. "ಬೇಡ," ಎಂದಳು. "ಸತ್ತ ಮೇಲಿನ ಕೆಲಸ ನಿಂದು. ಇದಿನ್ನೂ ಸತ್ತಿಲ್ಲ." ಬಂದೂಕನ್ನು ಭುಜಕ್ಕೆ ಒತ್ತಿಕೊಂಡಳು. "ಮಾವಾ, ನಾನು ಇಳೀದೆ ಹೋದೆ," ಎಂದು ಅದಕ್ಕೆ ಕೇಳುವಷ್ಟೇ ಮೆಲ್ಲಗೆ ಹೇಳಿ, ಕಣ್ಣು ಮುಚ್ಚದೆ, ಕಿವಿಯ ಹಿಂದಕ್ಕೆ ಹೊಡೆದಳು.

ಮಡುವಿನಿಂದ ಅದನ್ನು ಎಳೆದು ದೋಣಿಗೆ ಹಾಕುವಷ್ಟರಲ್ಲಿ ಇಬ್ಬರ ಅಂಗೈಯೂ ಜೊಂಡಿನಿಂದ ಕೊಯ್ದು ಹೋಗಿತ್ತು. ದಡ ಸಮೀಪಿಸಿದಾಗ ಹೋಲ್ಗರ್ ಟೋಪಿ ಹಾಕಿಕೊಂಡು, ಕೋಲೂರಿಕೊಂಡು, ಅಟ್ಟಣೆಯ ಕಡೆ ಹೊರಟು ನಿಂತಿದ್ದ. ದೋಣಿಯಿಂದ ಹೊರಚಾಚಿದ್ದ ತಿರುಚುಗೊಂಬನ್ನು ನೋಡಿದ. ಸಿಚಿಂಗಾನನ್ನು ನೋಡಿದ. ಸಿಚಿಂಗಾ ಇಳಿದು ಬಂದು ಹಿಂದೊಡೆಯ ಗಾಯದಲ್ಲಿ ಬೆರಳಿಟ್ಟು, ಕಿವಿಯ ಹಿಂದಿನ ಗಾಯದಲ್ಲಿ ಬೆರಳಿಟ್ಟು, ಎದ್ದು ನಿಂತು, "ಲೆಕ್ಕಕ್ಕೆ ಬಂತು," ಎಂದ. ನಂತರ ಅದನ್ನೇ ಇಂಗ್ಲಿಷಿನಲ್ಲಿ ಮುದುಕನಿಗೆ ಹೇಳಿದ. ದಿಬ್ಬದ ಹಿರಿಯ ಈ ವರ್ಷಕ್ಕೆ ಉಳಿದುಕೊಂಡ. ಮುದುಕ ಜಗಳಕ್ಕೆ ನಿಲ್ಲುತ್ತಾನೆ ಎಂದು ಕಲುಬಾ ಮೈ ಗಟ್ಟಿ ಮಾಡಿಕೊಂಡಿದ್ದಳು, ಹೇಳಬೇಕಾದ ಮಾತುಗಳನ್ನೆಲ್ಲ ಹಲ್ಲಿನ ಹಿಂದೆ ಜೋಡಿಸಿಟ್ಟಿದ್ದಳು. ಅವನ ಕಣ್ಣಲ್ಲಿ ನೀರು ಬಂದಿತ್ತು. ಕುಂಟುತ್ತಾ ನೀರಿಗೇ ಇಳಿದು ಅವಳ ಎರಡೂ ಕೈಗಳನ್ನು ಹಿಡಿದು ಕುಲುಕಿದ, ಕೊಯ್ದ ಅಂಗೈ ಉರಿಯುವಂತೆ.

"ಗುಂಡು ತಪ್ಲಿಲ್ಲ ಅಂತಿದಾನೆ," ಎಂದ ಸಿಚಿಂಗಾ. "ಬೆಳಿಗ್ಗೆಯಿಂದ ಊಟ ಬಿಟ್ಟಿದ್ನಂತೆ, ನನ್ ಕೈ ಮುಗೀತು, ಮುದುಕನಾದೆ ಅಂತ. ನೀನು ಅವನ ಮಾನ ಉಳಿಸ್ದೆ ಅಂತಿದಾನೆ. ನಿನ್ ಜೊತೆ ಫೋಟೋ ಬೇಕಂತೆ."

ಪ್ರಾಣಿಯನ್ನು ಹುಲ್ಲಿನ ಮೇಲೆ ಮಲಗಿಸಿ, ಬಾಯಿಯ ಕೆಸರು ತೊಳೆದು, ತಲೆ ಎತ್ತಿ ನಿಲ್ಲಿಸಿದರು. ಮುದುಕ ಅದರ ಪಕ್ಕದಲ್ಲಿ ಕಷ್ಟಪಟ್ಟು ಕೂತು, ತನ್ನ ಇನ್ನೊಂದು ಪಕ್ಕವನ್ನು ತಟ್ಟಿ ಅವಳನ್ನು ಕರೆದ. ಅಡುಗೆಯವನು ಸೌಟಿನ ಸಮೇತ ಬಂದ, ಜೀಪಿನವನು ಬಂದ, ಗುಂಡಿನ ಸದ್ದು ಕೇಳಿ ಬಂದ ಮೀನುಗಾರರು ಬಂದು ನಿಂತರು. ಗಿರಣಿ ಬಂತು ಬಿಡಪ್ಪ ಎಂದು ಯಾರೋ ಅಂದರು. ಸಿಟ್ಟು ಮಾಡಲು ಅಲ್ಲಿ ಒಬ್ಬ ಕೆಟ್ಟವನೂ ಇರಲಿಲ್ಲ, ಎಲ್ಲರಿಗೂ ಒಳ್ಳೆಯದೇ ಆಗಿತ್ತು. ಕಲುಬಾ ಮುಂದೆ ಹೋದಳು. ಮುದುಕ ತಟ್ಟಿದ ಜಾಗದಲ್ಲಿ ಕೂರಲಿಲ್ಲ. ಬಂದೂಕನ್ನು ನೆಲಕ್ಕಿಟ್ಟು, ಒದ್ದೆ ಖಾಕಿಯಲ್ಲೇ ಮಂಡಿಯೂರಿ, ಎರಡೂ ಕೈ ತಲೆಯ ಮೇಲಿಟ್ಟು, ತಾಯಿ ಸತ್ತಾಗ ಎತ್ತಿದ್ದ ದನಿಯನ್ನೇ ಎತ್ತಿದಳು: "ಮಾವಾ! ಅಯ್ಯೋ ನನ್ನ ಮಾವಾ!"

ಅಡುಗೆಯವನು ಮೊದಲು ನಕ್ಕ. "ಅತ್ಳಪ್ಪಾ ಅತ್ಳು! ಕೊನೆಗೂ ನುಂಗ್ವೆ ಗೆದ್ದ!" ಎಂದ. ಮೀನುಗಾರರು ತೊಡೆ ತಟ್ಟಿಕೊಂಡು ನಕ್ಕರು. ಕಪೇಸೊನ ಬೆನ್ನಿಗೆ ಗುದ್ದಿ, ಕೇಳೋ ನಿನ್ನ ಕಡ್ಲೆಕಾಯಿ, ಎಂದರು. ಏನೆಂದು ತಿಳಿಯದಿದ್ದರೂ ಎಲ್ಲರೂ ನಗುತ್ತಿದ್ದಾರಲ್ಲ ಎಂದು ಹೋಲ್ಗರ್ ಕೂಡ ನಕ್ಕು ಚಪ್ಪಾಳೆ ತಟ್ಟಿದ. ಕಪೇಸೊ ನಗಲಿಲ್ಲ. ಬೆನ್ನಿನ ಮೇಲಿದ್ದ ಕೈಗಳನ್ನು ಕೊಡವಿ ಮುಂದೆ ಬಂದು, ಸಾವಿನ ಮನೆಯಲ್ಲಿ ಮಾಡುವ ಹಾಗೆ, ಅವಳ ಹಿಂದೆ ಕೂತು ಬೀಳದಂತೆ ಅವಳ ತೋಳುಗಳನ್ನು ಹಿಡಿದುಕೊಂಡ. ಅವಳು ಉಸಿರು ಎಳೆದುಕೊಂಡು ಮತ್ತೆ ದನಿ ಎತ್ತಿದಳು, ಇನ್ನೂ ಜೋರಾಗಿ. ಅವರು ಎಷ್ಟು ಹೊತ್ತು ಬೇಕಾದರೂ ನಗಲಿ. ಅವರ ನಗು ನಿಲ್ಲುವ ತನಕ ಅವಳು ನಿಲ್ಲಿಸುವವಳಲ್ಲ.